ಗುಡಗಾಂವದ ಗೊಂಬೆ ಮತ್ತು ನಮ್ಮನೆಯವರ ಹೆಸರು

ನಿಜಾಮುದ್ದೀನ್ ನಿಲ್ದಾಣ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ಕಥೆ ಬರೆಯುತ್ತಾರೆ. ನಾನು ಬರೆಯುತ್ತಿರುವುದು ಪರದೇಶದ ಹೊಸ್ತಿಲಲ್ಲಿ ಐದು ವಾರ ನಿಂತ ಕಥೆ. ಆ ಹೊಸ್ತಿಲು ಇದ್ದದ್ದು ದಿಲ್ಲಿಯ ಪಕ್ಕದ ಗುಡಗಾಂವದಲ್ಲಿ. ಗದಗ ಬಿಟ್ಟು ಹುಬ್ಬಳ್ಳಿಯ ಆಚೆಗೆ ಎಂದೂ ಒಬ್ಬಳೇ ಹೋಗದ ನನಗೆ ಅದೇ ಒಂದು ಪರದೇಶ. ಪಾಸ್‌ಪೋರ್ಟ್ ಕೇಳಲಿಲ್ಲ ಅನ್ನುವುದೊಂದೇ ವ್ಯತ್ಯಾಸ.

ನನ್ನ ಹೆಸರು ಗಿರಿಜಾ. ಗದಗದ ಇಪ್ಪತ್ತು ಹಾಸಿಗೆಯ ಒಂದು ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದೆ. ನಮ್ಮನೆಯವರು ಮಸ್ಕತ್ತಿನಲ್ಲಿ ಏಸಿ ರಿಪೇರಿ ಮಾಡುತ್ತಾರೆ. ಮದುವೆಯಾದ ಆರನೇ ತಿಂಗಳಿಗೆ ಹೋದವರು ಆರು ವರ್ಷಗಳಲ್ಲಿ ಮೂರು ಸಲ ಬಂದಿದ್ದರು, ಬಂದಾಗಲೆಲ್ಲ ಒಂದೊಂದು ತಿಂಗಳು. ಮಕ್ಕಳಿಲ್ಲವೇ ಎಂದು ಕೇಳಿದವರಿಗೆ, ಪುರುಸೊತ್ತು ಸಿಕ್ಕಿಲ್ಲ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ರಾತ್ರಿ ಪಾಳಿ ಮುಗಿಸಿ ಬಂದು ಒಬ್ಬಳೇ ರೊಟ್ಟಿ ಬಡಿಯುವಾಗ ಮಾತ್ರ ಆ ಜಂಬ ಉಳಿಯುತ್ತಿರಲಿಲ್ಲ.

ಮಸ್ಕತ್ತಿನ ಒಂದು ಆಸ್ಪತ್ರೆಗೆ ನರ್ಸುಗಳು ಬೇಕಾಗಿದ್ದರು. ಗುಡಗಾಂವದ ಆಸ್ಪತ್ರೆಯೊಂದರಲ್ಲಿ ಐದು ವಾರ ವಾರ್ಡಿನ ಕೆಲಸದ ತರಬೇತಿ, ಕೊನೆಗೆ ಮಸ್ಕತ್ತಿನವರೇ ಬಂದು ಪರೀಕ್ಷೆ. ಮೂವತ್ತೈದು ದಾಟಿದವರಿಗೆ ಅವಕಾಶವಿಲ್ಲ, ನನಗೆ ಮೂವತ್ತನಾಲ್ಕು ಮುಗಿಯುತ್ತಾ ಬಂದಿತ್ತು. ಪಾಸಾದರೆ ಗಂಡನಿರುವ ಊರಿಗೆ ಹೋಗುತ್ತೇನೆ. ಇಲ್ಲದಿದ್ದರೆ ಇನ್ನೆಷ್ಟು ವರ್ಷ ಫೋನಿನಲ್ಲಿ "ಊಟ ಆತೇನು", "ಆತು" ಎಂದು ಸಂಸಾರ ಮಾಡಬೇಕೋ ಗೊತ್ತಿರಲಿಲ್ಲ.

ರೈಲು ಏಳು ಗಂಟೆ ತಡವಾಗಿ ದಿಲ್ಲಿಯ ನಿಜಾಮುದ್ದೀನ್ ನಿಲ್ದಾಣ ಮುಟ್ಟಿತು. ಡಿಸೆಂಬರ್ ತಿಂಗಳು. ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ಶಾಲು, ಮಂಕಿ ಕ್ಯಾಪು, ಮಫ್ಲರುಗಳಲ್ಲಿ ಮುಚ್ಚಿಹೋಗಿ ಬರೀ ಕಣ್ಣು ಕಾಣುತ್ತಿತ್ತು. ಯಾರು ಹೆಣ್ಣು ಯಾರು ಗಂಡು ತಿಳಿಯುವಂತಿರಲಿಲ್ಲ. ನಾನು ಇಳಕಲ್ ಸೀರೆ ಮತ್ತು ಒಂದು ಹತ್ತಿಯ ಸ್ವೆಟರಿನಲ್ಲಿ ಹಲ್ಲು ಕಟಕಟಿಸುತ್ತಾ ನಿಂತಿದ್ದೆ. ಅಷ್ಟರಲ್ಲಿ ಒಂದು ಕಂಬಳಿಯ ಒಳಗಿನಿಂದ "ಗಿರಿಜಾ ಅಂದ್ರೆ ನೀನೇನಮ್ಮಾ?" ಎಂಬ ಕನ್ನಡ ಬಂತು. ಆ ಕಂಬಳಿ ನಮ್ಮ ನರ್ಸಿಂಗ್ ಹೋಮಿನ ಡಾಕ್ಟರಮ್ಮನ ಅಕ್ಕ ಸುಮಿತ್ರಕ್ಕ. ನಾನು ಐದು ವಾರ ಇರಬೇಕಾದದ್ದು ಅವರ ಮನೆಯಲ್ಲಿ.

ದ್ವಾರಕಾ, ಆರನೇ ಮಹಡಿ

ಸುಮಿತ್ರಕ್ಕನ ಗಂಡ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ಇಪ್ಪತ್ತು ವರ್ಷ ದಿಲ್ಲಿಯಲ್ಲಿದ್ದರೂ ಬೆಳಿಗ್ಗೆ ಉಪ್ಪಿಟ್ಟಿಲ್ಲದೆ ಬಸ್ಸು ಹತ್ತುವವರಲ್ಲ. ಮಗಳು ಅನಘಾಗೆ ಹನ್ನೆರಡು ವರ್ಷ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವಾಗ ಮಾತ್ರ ಅರ್ಧ ದಾರಿಯಲ್ಲಿ ಹಿಂದಿ ಹತ್ತಿಕೊಳ್ಳುತ್ತದೆ.

ಮೊದಲ ದಿನವೇ ಮಾನ ಕಳೆದುಕೊಂಡೆ. ಬೆಳಿಗ್ಗೆ ಎದ್ದು ಬಾಲ್ಕನಿಯ ಬಾಗಿಲು ತೆರೆದರೆ ಎದುರಿನ ಕಟ್ಟಡವೇ ಇಲ್ಲ, ಬರೀ ಬೂದು ಬಣ್ಣದ ಹೊಗೆ. ಕೆಳಗಿನ ಮನೆಗೆ ಬೆಂಕಿ ಬಿದ್ದಿದೆ ಅಂದುಕೊಂಡೆ. ವಾರ್ಡಿನಲ್ಲಿ ಕೂಗಿ ಪಳಗಿದ ಗಂಟಲು ಅದು, ಸುಮ್ಮನಿರುತ್ತದೆಯೇ? ಮನೆಯವರನ್ನೆಲ್ಲ ಎಬ್ಬಿಸಿ, ಪಕ್ಕದ ಮನೆಯ ಬಾಗಿಲನ್ನೂ ಬಡಿದೆ. ಅನಘಾ ಕಣ್ಣುಜ್ಜಿಕೊಳ್ಳುತ್ತಾ ಬಂದು, "ಆಂಟಿ, ಇದು ಫಾಗ್ ಅಷ್ಟೇ. ಆಗ್ ನಹೀ ಲಗೀ" ಎಂದು ಹೇಳಿ ಮತ್ತೆ ರಜಾಯಿಯೊಳಗೆ ಸೇರಿಕೊಂಡಳು. ಆಮೇಲೆ ಐದು ವಾರವೂ ಪಕ್ಕದ ಮನೆಯ ಪಂಜಾಬಿ ಅಜ್ಜಿ ನನ್ನನ್ನು ಲಿಫ್ಟಿನಲ್ಲಿ ಕಂಡಾಗಲೆಲ್ಲ, "ಇವತ್ತು ಬೆಂಕಿ ಇಲ್ಲ ತಾನೇ?" ಎಂದು ಹಿಂದಿಯಲ್ಲಿ ವಿಚಾರಿಸುತ್ತಿದ್ದಳು.

ನಮ್ಮ ಕಡೆ ಬಿಸಿಲನ್ನು ಬೈಯುತ್ತೇವೆ. ಇಲ್ಲಿಯ ಜನ ಬಿಸಿಲಿನ ಹಿಂದೆ ಕುರ್ಚಿ ಎಳೆದುಕೊಂಡು ಓಡಾಡುತ್ತಾರೆ. ಭಾನುವಾರ ಮಧ್ಯಾಹ್ನ ಕಟ್ಟಡದ ಹೆಂಗಸರೆಲ್ಲ ಅಂಗಳದಲ್ಲಿ ಬಟಾಣಿ ಸುಲಿಯುತ್ತಾ, ಬಿಸಿಲು ಸರಿದ ಹಾಗೆ ತಾವೂ ಸರಿಯುತ್ತಿದ್ದರು. ಗಾಡಿಯ ಭಯ್ಯಾ ಬಿಳಿ ಮೂಲಂಗಿಯನ್ನು ಸೀಳಿ ಉಪ್ಪು, ನಿಂಬೆಹುಳಿ ಹಚ್ಚಿ ಕೊಡುತ್ತಿದ್ದ. ನಾನು ತಿಂದೆ, ಚೆನ್ನಾಗಿತ್ತು. ಕೂಡಲೇ ನಮ್ಮನೆಯವರಿಗೆ ಇದನ್ನು ಹೇಳಬೇಕು ಅನ್ನಿಸಿತು. ಹೊಸದೇನಾದರೂ ತಿಂದಾಗ, ಕಂಡಾಗ ಮೊದಲು ಬರುವ ಯೋಚನೆ ಅದೇ. ಫೋನು ಬರುವ ಹೊತ್ತಿಗೆ ಅದು ಹಳಸಿರುತ್ತದೆ, ಮೂಲಂಗಿಯ ಸುದ್ದಿಗೆ ಯಾಕೆ ಹೊತ್ತು ಹಾಳು ಎಂದು ಬಿಟ್ಟುಬಿಡುತ್ತೇನೆ.

ಗುಡಗಾಂವ್, ರಬ್ಬರ್ ಕೈ

ಮೆಟ್ರೊ ಆಗ ದ್ವಾರಕಾದವರೆಗೆ ಮಾತ್ರ ಬಂದಿತ್ತು. ಗುಡಗಾಂವಕ್ಕೆ ಹಂಚಿಕೊಂಡು ಹೋಗುವ ಜೀಪು. ಹತ್ತು ಜನರ ಜಾಗದಲ್ಲಿ ಹದಿನಾಲ್ಕು ಜನ, ನಡುವೆ ಒಬ್ಬರ ಹಾಲಿನ ಕ್ಯಾನು. ಗಾಜಿನ ಕಟ್ಟಡಗಳ ಬುಡದಲ್ಲಿ ಎಮ್ಮೆಗಳು ನಿಂತಿರುತ್ತಿದ್ದವು. ಎಮ್ಮೆ ಕಂಡಾಗ ಮಾತ್ರ ನನಗೆ ಊರು ಸರಿ ಅನ್ನಿಸುತ್ತಿತ್ತು.

ತರಬೇತಿ ಕೊಡುವವರ ಹೆಸರು ಸಂತೋಷ್ ಎಂದು ಪತ್ರದಲ್ಲಿತ್ತು. ನಮ್ಮ ಕಡೆ ಆ ಹೆಸರು ಗಂಡಸರಿಗೆ. ಹಾಗಾಗಿ ಬಾಗಿಲಲ್ಲಿ ನಿಂತಿದ್ದ ಗಟ್ಟಿಮುಟ್ಟಾದ ಹೆಂಗಸನ್ನು "ಸಂತೋಷ್ ಸರ್ ಎಲ್ಲಿ?" ಎಂದು ಕೇಳಿದೆ. "ನಾನೇ ಸಂತೋಷ್. ಹರಿಯಾಣಾದಲ್ಲಿ ಮನೆಗೊಬ್ಬಳು ಸಂತೋಷ್ ಇರ್ತಾಳೆ. ಒಳಗೆ ನಡಿ" ಎಂದರು. ಅವರಿಗೆ ಹಿಂದಿಯನ್ನು ಕೊಡಲಿಯ ಹಾಗೆ ಬಳಸುವುದು ಗೊತ್ತಿತ್ತು.

ಒಳಗೆ ಹಾಸಿಗೆಯ ಮೇಲೆ ಒಂದು ಪ್ಲಾಸ್ಟಿಕ್ ಗೊಂಬೆ ಮಲಗಿತ್ತು. ಮನುಷ್ಯನಷ್ಟು ಉದ್ದ, ರಬ್ಬರಿನ ಕೈ, ಒಳಗೆ ಕೆಂಪು ನೀರು ಹರಿಯುವ ಕೊಳವೆಗಳೇ ನರಗಳು. ಮಣಿಕಟ್ಟಿನಲ್ಲಿ ರಾಮ್‌ಲಾಲ್ ಎಂದು ಹೆಸರಿನ ಪಟ್ಟಿ. ಹನ್ನೆರಡು ಜನ ನರ್ಸುಗಳು ಸರದಿಯಲ್ಲಿ ರಾಮ್‌ಲಾಲನಿಗೆ ಸಲೈನಿನ ಸೂಜಿ ಹಾಕಬೇಕು. ಸಾವಿರಾರು ಕೈಗೆ ಸೂಜಿ ಹಾಕಿದವಳು ನಾನು, ಕಣ್ಣು ಮುಚ್ಚಿ ಹಾಕಿಯೇನು ಎಂಬ ಗತ್ತಿನಲ್ಲಿ ಮುಂದೆ ಹೋದೆ. ಗೊಂಬೆಯ ಕೈ ಹಿಡಿದು, "ಅಜ್ಜಾ, ಒಂಚೂರು ಇರುವಿ ಕಚ್ಚಿದಂಗ ಆಗತೈತಿ" ಎಂದೆ. ನರ ಏಳಲಿ ಎಂದು ರಬ್ಬರನ್ನು ಅಂಗೈಯಿಂದ ತಿಕ್ಕಿ ಬಿಸಿ ಮಾಡಿದೆ. ಸ್ಪಿರಿಟ್ ಹಚ್ಚಿ ಬೇಗ ಒಣಗಲಿ ಎಂದು ಬಾಯಿಂದ ಊದಿದೆ. ಸೂಜಿ ಮೊದಲ ಸಲಕ್ಕೇ ಸರಿಯಾಗಿ ಹೋಯಿತು. ಹೆಮ್ಮೆಯಿಂದ ತಿರುಗಿದೆ.

"ಫೇಲ್" ಎಂದರು ಸಂತೋಷ್ ಮ್ಯಾಡಮ್.

ಊದಿದ್ದಕ್ಕೆ ಒಂದು ತಪ್ಪು, ಸ್ವಚ್ಛ ಮಾಡಿದ ಜಾಗಕ್ಕೆ ಬಾಯಿಯ ಕೊಳೆ ಹೋಯಿತು. ಅದನ್ನು ಅವರು ಕ್ಷಮಿಸಿದರು. ಕ್ಷಮಿಸದೇ ಇದ್ದದ್ದು ಇನ್ನೊಂದು. "ಇವನ ಹೆಸರು ಓದಿದೆಯಾ? ಗಟ್ಟಿಯಾಗಿ ಹೇಳಿದೆಯಾ? ಅಜ್ಜ ಅಂತೆ. ಅಜ್ಜ ಅನ್ನೋದು ಹೆಸರಾ? ಪಟ್ಟಿ ಓದಿ ಹೆಸರು ಹೇಳದೆ ಸೂಜಿ ಮುಟ್ಟಿದರೆ ಪರೀಕ್ಷೆ ಅಲ್ಲಿಗೇ ಮುಗೀತು, ಮಿಕ್ಕಿದ್ದು ಯಾರೂ ನೋಡಲ್ಲ."

ನಮ್ಮ ವಾರ್ಡಿನಲ್ಲಿ ಹೆಸರು ಹಿಡಿದು ಕರೆಯುವ ರೂಢಿಯೇ ಇಲ್ಲ. ಅಜ್ಜ, ಅಣ್ಣ, ಅವ್ವ, ಬಾಗಿಲ ಹತ್ತಿರದ ಕಾಕಾ. ಹೆಸರು ಕೇಳಿದರೂ ಏನು ಉಪಯೋಗ? ಜೊತೆಗೆ ಬಂದ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ನಾಚಿಕೊಂಡು ಪಕ್ಕದವರ ಮುಖ ನೋಡುತ್ತಾಳೆ. ಇದನ್ನೆಲ್ಲ ಹರಕು ಹಿಂದಿಯಲ್ಲಿ ವಿವರಿಸಲು ಹೋದೆ. "ಅಚ್ಛಾ, ಸಾಕು. ಕೈ ತೊಳೆದು ಬಂದು ಮತ್ತೆ ಮಾಡು" ಎಂದರು. ಎರಡು ವಾರದಲ್ಲಿ ನಾನು ನಿದ್ದೆಯಲ್ಲೂ ರಾಮ್‌ಲಾಲ್ ಎನ್ನುವಂತಾದೆ.

ಒಬ್ಬರ ಕೈ ಒಬ್ಬರು ಹಿಡಿದ ದಿನ

ಮೂರನೇ ವಾರ ಗೊಂಬೆ ಬಿಟ್ಟು ನಮ್ಮ ನಮ್ಮ ಕೈಗಳ ಮೇಲೆ ಅಭ್ಯಾಸ. ನನ್ನ ಜೋಡಿ ತೋಂಬಿ, ಮಣಿಪುರದ ಹುಡುಗಿ. ಮಾತು ಕಡಿಮೆ, ಕೈ ತಣ್ಣಗೆ. ಅವಳ ನರ ದಾರದ ಎಳೆಯಷ್ಟು ಸಣ್ಣ, ಬೆರಳಿಟ್ಟರೆ ಪಕ್ಕಕ್ಕೆ ಜಾರುತ್ತಿತ್ತು. ನಾನು ಕಣ್ಣು ಮುಚ್ಚಿ ಹುಡುಕುತ್ತಿದ್ದೆ. "ದೀದಿ, ನೀವು ಹುಡುಕೋದು ನೋಡಿದ್ರೆ ಕಳೆದುಹೋದ ಓಲೆ ಹುಡುಕಿದ ಹಾಗಿದೆ" ಎಂದು ಅವಳು ನಕ್ಕಳು.

ನನಗೆ ಮುಖ ಮರೆತುಹೋಗುತ್ತದೆ, ಕೈ ಮರೆಯುವುದಿಲ್ಲ. ಹತ್ತು ವರ್ಷದ ಹಿಂದೆ ಬಂದುಹೋದ ನೇಕಾರನ ಕೈಯಲ್ಲಿ ನರ ಎಲ್ಲಿ ಕವಲೊಡೆಯುತ್ತಿತ್ತು ಎಂದು ಈಗಲೂ ಹೇಳಬಲ್ಲೆ. ಅವತ್ತು ತೋಂಬಿಯ ಕೈ ಹಿಡಿದುಕೊಂಡಿದ್ದಾಗ ನಮ್ಮನೆಯವರ ಕೈ ನೆನಪಿಸಿಕೊಳ್ಳಲು ನೋಡಿದೆ. ಎಡಗೈಯ ಹೆಬ್ಬೆರಳಿನ ಹತ್ತಿರ ಸುಟ್ಟ ಕಲೆ ಇದೆ, ಅಷ್ಟು ಗೊತ್ತು. ಅದರಾಚೆ ಏನೂ ಬರಲಿಲ್ಲ. ಅವರಿಗೆ ಎಂದೂ ಜ್ವರ ಬಂದು ನನ್ನ ಕೈಗೆ ಸಿಗಲಿಲ್ಲ. ಅಲ್ಲಿ ಜ್ವರ ಬಂದಾಗ ಯಾರೋ ನೋಡಿಕೊಂಡರು, ವಾಸಿಯಾದ ಮೇಲೆ ನನಗೆ ಹೇಳಿದರು. ಊರವರಿಗೆಲ್ಲ ಆರೈಕೆ ಮಾಡಿದವಳಿಗೆ ಗಂಡನ ಕೈಯ ಗುರುತಿಲ್ಲವಲ್ಲ! ಅತ್ತೇಬಿಟ್ಟೆ. ತೋಂಬಿ ತನ್ನ ಕೈಗೆ ನೋವಾಗಿದ್ದಕ್ಕೆ ನಾನು ಅಳುತ್ತಿದ್ದೇನೆ ಅಂದುಕೊಂಡು, "ನೋವಿಲ್ಲ ದೀದಿ, ನೋವಿಲ್ಲ" ಎಂದು ಸಮಾಧಾನ ಮಾಡಿದಳು.

ಪರೀಕ್ಷೆಯ ದಿನ

ಮಸ್ಕತ್ತಿನ ಆಸ್ಪತ್ರೆಯಿಂದ ಬಂದ ಮೇಟ್ರನ್ ಕನ್ನಡಕ ಮೂಗಿನ ತುದಿಗಿಟ್ಟುಕೊಂಡ, ತುಂಬ ಮೆಲ್ಲಗೆ ಇಂಗ್ಲಿಷ್ ಮಾತಾಡುವ ಹೆಂಗಸು. ಒಬ್ಬೊಬ್ಬರೇ ಒಳಗೆ ಹೋಗಬೇಕು. ನನಗೆ ಭಯವಿರಲಿಲ್ಲ. ಕೈ ತೊಳೆದೆ, ತಟ್ಟೆ ಜೋಡಿಸಿಕೊಂಡೆ, ಗೊಂಬೆಗೆ ನಮಸ್ಕಾರ ಹೇಳಿದೆ, ಮಣಿಕಟ್ಟು ತಿರುಗಿಸಿ ಪಟ್ಟಿ ನೋಡಿದೆ.

ರಾಮ್‌ಲಾಲ್ ಇರಲಿಲ್ಲ. ಅಲ್ಲಿ ನಮ್ಮನೆಯವರ ಹೆಸರಿತ್ತು.

ಆಮೇಲೆ ತಿಳಿದದ್ದು ಇಷ್ಟು. ನಾವೆಲ್ಲ ಪಟ್ಟಿ ಓದದೆಯೇ ಗಿಳಿಪಾಠದ ಹಾಗೆ ರಾಮ್‌ಲಾಲ್ ಎನ್ನುತ್ತಿದ್ದೇವೆ ಎಂದು ಸಂತೋಷ್ ಮ್ಯಾಡಮ್ಮಿಗೆ ಅನುಮಾನ ಬಂದಿತ್ತು. ಪರೀಕ್ಷೆಗೆ ಒಬ್ಬೊಬ್ಬರಿಗೂ ಬೇರೆ ಹೆಸರಿನ ಪಟ್ಟಿ ಬೇಕಾಯಿತು. ಪರಿಚಯದ ಹೆಸರಾದರೆ ಉಚ್ಚರಿಸಲು ಸುಲಭ ಎಂದು ನಮ್ಮ ನಮ್ಮ ಅರ್ಜಿಯಲ್ಲಿ ತಂದೆ ಅಥವಾ ಗಂಡ ಎಂದಿದ್ದ ಜಾಗದಿಂದ ಹೆಸರು ಎತ್ತಿಕೊಂಡು ಬರೆದಿದ್ದರು. ಮದುವೆಯಾಗದ ಹುಡುಗಿಯರೆಲ್ಲ ಅಪ್ಪನ ಹೆಸರು ಹೇಳಿ ಪಾಸಾದರು.

ನಾನು ಮೂಢನಂಬಿಕೆಯವಳಲ್ಲ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಮ್ಮಿಯಾಗುತ್ತದೆ ಎನ್ನುವವರಿಗೆ ನಾನೇ ಬುದ್ಧಿ ಹೇಳಿದವಳು. ಆದರೆ ಆರು ವರ್ಷದಲ್ಲಿ ಒಂದು ಸಲವೂ ಆ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ. ಬರೆದಿದ್ದೇನೆ, ಕಾಗದದ ಮೇಲೆ ಎಷ್ಟೋ ಸಲ. ಬಾಯಿ ತೆರೆದೆ, ನಾಲಿಗೆ ಹೊರಳಲಿಲ್ಲ. "ರೋಗಿ ಯಾರು?" ಎಂದು ಮೇಟ್ರನ್ ಮೆಲ್ಲಗೆ ಕೇಳಿದರು. ನನ್ನ ಬಾಯಿಂದ ಬಂದದ್ದು, "ನಮ್ಮನೆಯವರು, ಮ್ಯಾಡಮ್." ಅವರು ಪಟ್ಟಿ ನೋಡಿದರು, ನನ್ನನ್ನು ನೋಡಿದರು, ಹಾಳೆಯ ಮೇಲೆ ಒಂದು ಗೆರೆ ಎಳೆದರು. ಸೂಜಿ ಮುಟ್ಟುವ ಮೊದಲೇ ನನ್ನ ಪರೀಕ್ಷೆ ಮುಗಿದಿತ್ತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಸಂತೋಷ್ ಮ್ಯಾಡಮ್ ಸಿಟ್ಟಿನಿಂದಲೇ ಬಂದರು. ವಿಷಯ ಹೇಳಿದೆ. ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿದ್ದೆ, ಬರಲಿಲ್ಲ. ಪಕ್ಕದಲ್ಲಿ ಕೂತರು.

"ನನ್ನ ಮದುವೆಯಾಗಿ ಇಪ್ಪತ್ತೆರಡು ವರ್ಷ. ನಾನೂ ಹೇಳಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಪೆನ್ನು ಇಸ್ಕೊಂಡು ಬರೀತೀನಿ" ಎಂದರು. ಆಮೇಲೆ, "ನಾಳೆ ಇನ್ನೊಂದು ಅವಕಾಶ ಕೊಡಿ ಅಂತ ಕೇಳಿದೀನಿ, ಒಪ್ಪಿದಾರೆ. ಒಂದೇ ಒಂದು. ಆದರೆ ಪಟ್ಟಿ ಬದಲಾಯಿಸೋಲ್ಲ."

"ಯಾಕ್ರಿ ಮ್ಯಾಡಮ್?"

"ನಿನ್ನ ವಾರ್ಡಿಗೆ ಆ ಹೆಸರಿನ ರೋಗಿ ಬಂದರೆ ಏನು ಮಾಡ್ತೀಯ?"

ಅಂಥ ರೋಗಿಗಳು ನನ್ನ ವಾರ್ಡಿಗೆ ಬಂದಿದ್ದರು, ನಮ್ಮ ಕಡೆ ಓಣಿಗೊಬ್ಬ ಆ ಹೆಸರಿನವನು ಸಿಗುತ್ತಾನೆ. ಒಮ್ಮೆ ಒಂದೇ ಕೋಣೆಯಲ್ಲಿ ಇಬ್ಬರಿದ್ದರು. ಇಬ್ಬರನ್ನೂ ಅಣ್ಣ ಎಂದೇ ಕರೆದು, ಒಬ್ಬನ ಇಂಜೆಕ್ಷನ್ ಇನ್ನೊಬ್ಬನ ತೋಳಿನ ಹತ್ತಿರ ಒಯ್ದಿದ್ದೆ. "ಅಕ್ಕಾರ, ನಂದು ಬೆಳಿಗ್ಗೆನ ಆತಲ್ರಿ" ಎಂದು ಅವನೇ ಕೈ ಹಿಂದೆಳೆದುಕೊಂಡಿದ್ದ. ಅವನು ನಿದ್ದೆಯಲ್ಲಿದ್ದಿದ್ದರೆ? ಆ ದಿನದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಸಂತೋಷ್ ಮ್ಯಾಡಮ್ಮಿಗೆ ಹೇಳಿದೆ. ಅವರು ತಲೆ ಆಡಿಸಿ, "ಚಲೋ, ನಾಳೆ ಹನ್ನೊಂದಕ್ಕೆ" ಎಂದು ಎದ್ದರು.

ಮರುದಿನ

ಸುಮಿತ್ರಕ್ಕ ಅವತ್ತು ಸಂಜೆಯೆಲ್ಲ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿಸಲು ನೋಡಿದರು. "ಅದರಲ್ಲೇನಿದೆ ಗಿರಿಜಾ, ನಾನು ಇವರನ್ನ ಹೆಸರು ಹಿಡಿದೇ ಬೈತೀನಿ" ಎಂದರು. ಅವರ ಗಂಡ ಪತ್ರಿಕೆಯ ಹಿಂದಿನಿಂದ ಹೌದೆಂದು ಸಾಕ್ಷಿ ನುಡಿದರು. ನನಗೆ ಮೊದಲ ಅಕ್ಷರ ದಾಟಲಾಗಲಿಲ್ಲ. "ಆಂಟಿ, ಹೆಸರು ಹೇಳಲೇಬಾರದು ಅಂತ ಸ್ಟ್ರಿಕ್ಟ್ ರೂಲ್ ಹೈ ಕ್ಯಾ? ಕಭೀ ಭೀ?" ಎಂದು ಅನಘಾ ಕೇಳಿದಳು.

ಕಭೀ ಭೀ, ಯಾವಾಗಲೂ ಅಂತೇನಲ್ಲ. ಮದುವೆಯಲ್ಲಿ, ಸೀಮಂತದಲ್ಲಿ, ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಾಗ ಒಡಪು ಕಟ್ಟಿ ಹೇಳುತ್ತೇವೆ. ಎರಡು ಸಾಲಿನ ಪ್ರಾಸ, ಅದರ ಕೊನೆಗೆ ಹೆಸರು. ಪ್ರಾಸದ ಮರೆಯಲ್ಲಿ ಹೆಸರು ಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ನನ್ನ ಮದುವೆಯಲ್ಲಿ ನಾನು ನಾಚಿಕೊಂಡಿದ್ದಕ್ಕೆ, ನನ್ನ ಬದಲು ಅತ್ತಿಗೆ ಹೇಳಿ ಒಳಗೆ ಕರೆದುಕೊಂಡಿದ್ದರು. ಆ ಒಂದು ಬಾಕಿ ಹಾಗೇ ಉಳಿದಿತ್ತು.

ಮರುದಿನ ಜೀಪಿನಲ್ಲಿ ಹಾಲಿನ ಕ್ಯಾನಿಗೆ ಮೊಣಕಾಲು ಒತ್ತಿಕೊಂಡು ಒಡಪು ಕಟ್ಟಿದೆ. ಎದುರಿಗಿದ್ದ ರುಮಾಲಿನ ಮುದುಕ ನಾನು ದೇವರ ಜಪ ಮಾಡುತ್ತಿದ್ದೇನೆಂದು ತಿಳಿದು ಕಾಲು ಮುದುಡಿಕೊಂಡು ಜಾಗ ಕೊಟ್ಟ.

ಹನ್ನೊಂದು ಗಂಟೆಗೆ ಒಳಗೆ ಹೋದೆ. ಸಂತೋಷ್ ಮ್ಯಾಡಮ್ ಗೋಡೆಗೆ ಒರಗಿ ನಿಂತಿದ್ದರು. ಕೈ ತೊಳೆದೆ. ಗೊಂಬೆಯ ಮಣಿಕಟ್ಟು ಹಿಡಿದು ಬಗ್ಗಿ, ಅದರ ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದೆ:

"ಚಳಿಗಾಲದ ದಿಲ್ಲ್ಯಾಗ ಮೂಲಂಗಿ ಭಾಳ ತಾಜಾ,
ಕಡಲಿನಾಚೆ ದುಡಿಯಾಕ ಹೋಗ್ಯಾರ ನಮ್ಮ ಬಸವರಾಜಾ."

ತಲೆ ಎತ್ತಿ, ಮೇಟ್ರನ್ ಕಡೆ ನೋಡಿ, ಗಟ್ಟಿಯಾಗಿ ಹೇಳಿದೆ. "ರೋಗಿಯ ಹೆಸರು ಬಸವರಾಜ. ಪಟ್ಟಿಯಲ್ಲೂ ಬಸವರಾಜ."

ಕೋಣೆ ಚಿಕ್ಕದು, ಹೆಸರು ತುಂಬ ದೊಡ್ಡದಾಗಿ ಕೇಳಿಸಿತು. ನಮ್ಮನೆಯವರು ಪಕ್ಕದ ಕೋಣೆಯಿಂದ "ಏನು?" ಎಂದು ಓಗೊಟ್ಟಾರು ಎಂದು ಒಂದು ಕ್ಷಣ ನಿಜವಾಗಿ ಕಾದೆ. ಓಗೊಡುವವರು ಇರಲಿಲ್ಲ. ಆರು ವರ್ಷ ಅವರಿಲ್ಲದೆ ಇದ್ದೆ, ಅವರಿಲ್ಲ ಎನ್ನುವುದು ಅಷ್ಟು ಸ್ಪಷ್ಟವಾಗಿ ಎಂದೂ ತಿಳಿದಿರಲಿಲ್ಲ. ಕಣ್ಣು ಒರೆಸಿಕೊಳ್ಳುವಂತಿಲ್ಲ, ತೊಳೆದ ಕೈ ಮುಖ ಮುಟ್ಟಬಾರದು. ಹಾಗೇ ಗ್ಲೌಸ್ ಹಾಕಿಕೊಂಡೆ. ಸ್ಪಿರಿಟ್ ಹಚ್ಚಿ, ಊದದೆ, ಅದಾಗಿಯೇ ಒಣಗುವವರೆಗೆ ಕಾದು, ಸೂಜಿ ಹಾಕಿದೆ. ಕೆಂಪು ನೀರು ಬಂತು. ಮೇಟ್ರನ್ ಹಾಳೆಯ ಮೇಲೆ ಗುರುತು ಹಾಕಿ ತಲೆ ಆಡಿಸಿದರು.

ಸಹಿ

ಪಾಸಾದ ಏಳು ಜನರನ್ನು ಮಧ್ಯಾಹ್ನ ಒಂದು ಕೋಣೆಯಲ್ಲಿ ಕೂರಿಸಿದರು. ಮೇಟ್ರನ್ ಜೊತೆ ಬಂದಿದ್ದ ಆಫೀಸರ್ ಕರಾರು ಓದಿ ಹೇಳಿದ. ನರ್ಸುಗಳೆಲ್ಲ ಆಸ್ಪತ್ರೆಯ ಹಾಸ್ಟೆಲಿನಲ್ಲೇ ಇರಬೇಕು. ಹೊರಗೆ ಮನೆ ಮಾಡುವಂತಿಲ್ಲ, ಗಂಡ ಅದೇ ಊರಿನಲ್ಲಿದ್ದರೂ ಒಟ್ಟಿಗೆ ಇರುವಂತಿಲ್ಲ, ಮೊದಲ ಎರಡು ವರ್ಷ. ವಾರಕ್ಕೊಂದು ರಜೆ, ಶುಕ್ರವಾರ ಬೆಳಿಗ್ಗೆಯಿಂದ ಸಂಜೆವರೆಗೆ ಹೊರಗೆ ಹೋಗಬಹುದು. ನನ್ನ ಅರ್ಜಿಯನ್ನು ಅವನು ನೋಡಿದ್ದಿರಬೇಕು. ನನ್ನ ಕಡೆ ತಿರುಗಿ, ಪಾಪ, ಸಂಕೋಚದಿಂದಲೇ ಹೇಳಿದ, "ನೀವು ಬೇಕಾದರೆ ಯೋಚನೆ ಮಾಡಿ ನಾಳೆ ಹೇಳಿ. ವಾರಕ್ಕೆ ಒಂದು ಹಗಲು ಮಾತ್ರ."

ನಮ್ಮನೆಯವರು ಮಸ್ಕತ್ತಿಗೆ ಹೋದಾಗಿನಿಂದ ಸಿಕ್ಕಿದ ಹಗಲುಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕಲು ಹೋಗಿ ನಗು ಬಂತು, ವರ್ಷಕ್ಕೆ ಹದಿನೈದು, ಇನ್ನು ಮುಂದೆ ಐವತ್ತೆರಡು. ಯೋಚನೆ ಮಾಡಲಿಕ್ಕೆ ಏನೂ ಇಲ್ಲ ಎಂದು ಸಹಿ ಹಾಕಿದೆ.

ಕೆಳಗಿಳಿದು ಗೇಟಿನ ಪಕ್ಕದ ಫೋನ್ ಅಂಗಡಿಯಿಂದ ಮಸ್ಕತ್ತಿಗೆ ಕರೆ ಮಾಡಿದೆ. ಅಲ್ಲಿ ಊಟದ ಹೊತ್ತು. ಹಿಂದೆ ಯಾವುದೋ ಯಂತ್ರದ ಸದ್ದು ಕೇಳುತ್ತಿತ್ತು. ಪಾಸಾದೆ ಎಂದೆ. ಹಾಸ್ಟೆಲಿನ ವಿಷಯವನ್ನೂ, ಶುಕ್ರವಾರದ ವಿಷಯವನ್ನೂ ಹೇಳಿದೆ. ಹಿಂದಿನ ಯಂತ್ರದ ಸದ್ದು ನಿಂತುಹೋಯಿತು, ಲೈನ್ ಕಟ್ ಆಯಿತು ಅಂದುಕೊಂಡೆ.

"ಅದೀರೇನ್ರಿ?" ಎಂದೆ.

"ಅದೀನಿ" ಎಂದರು. ದನಿ ಒದ್ದೆಯಾಗಿತ್ತು. "ನಂದೂ ಶುಕ್ರವಾರ ಒಂದ ಸೂಟಿ. ಅವತ್ತ ಇಡೀ ವಾರದ ಅರಿವಿ ಒಗೀತೀನಿ, ಮುಂಜಾನಿಂದ ಮಧ್ಯಾಹ್ನದ ಮಟಾ ಅದರಾಗ ಹೋಗತೈತಿ."

"ಹಂಗಾದ್ರ ಏನ್ ಮಾಡೂದ್ರಿ?"

"ಮಾಡೂದೇನು," ಎಂದರು ನಮ್ಮನೆಯವರು. "ಇನ್ನಮ್ಯಾಲೆ ಗುರುವಾರ ರಾತ್ರಿನ ಒಗದು ಒಣಾ ಹಾಕಿಬಿಡ್ತೀನಿ."